ಫ್ಲಾಪಿಯ ತಾಯಿ ಕೊಟ್ಟೂರಿನಲ್ಲಿತ್ತು

ಈ ಬರಹದಲ್ಲಿ ಕೊರತೆಗಳಿರುತ್ತವೆ ಎಂಬುದನ್ನು ಮುಂಚಿತವಾಗಿಯೇ ತಿಳಿಸಿಬಿಡುವುದು ನನ್ನ ಕರ್ತವ್ಯ. ಬರೆಯುವವರ ಮನೆಯಲ್ಲಿ ಹುಟ್ಟಿದವನು ನಾನಲ್ಲ. ನಮ್ಮ ವಂಶದಲ್ಲಿ ನನಗಿಂತ ಮೊದಲು ಪೆನ್ನು ಹಿಡಿದವರಿಲ್ಲ. ಹಿಡಿದದ್ದೇನಿದ್ದರೂ ಕುರಿ ಕಾಯುವ ಕೋಲು ಮತ್ತು ಉಣ್ಣೆ ಕತ್ತರಿಸುವ ಕತ್ತರಿ. ಪದವಿಯವರೆಗೆ ಓದಿದ ಮೊದಲಿಗನಾದ್ದರಿಂದ ಒಂದು ವಾಕ್ಯ ಬರೆದರೆ ಮೂರು ಸಲ ಓದುತ್ತೇನೆ. ಮೂರನೆಯ ಸಲ ಓದುವಾಗ, ತಿದ್ದುವ ಮೊದಲೇ ಅದು ಸರಿಯಾಗಿತ್ತೇನೋ ಎಂಬ ಅನುಮಾನ ಹುಟ್ಟುತ್ತದೆ. ಘಟನೆ ನಡೆದು ಇಪ್ಪತ್ತು ವರ್ಷಗಳ ಮೇಲಾಗಿರುವುದರಿಂದ ಮಾತುಗಳು ಹಿಂದುಮುಂದಾಗಿರಬಹುದು, ಓದುಗರು ಮನ್ನಿಸಬೇಕು. ಆದರೆ ಟಗರಿನ ವಿಷಯದಲ್ಲಿ ಕಿಂಚಿತ್ತೂ ಉತ್ಪ್ರೇಕ್ಷೆಯಿಲ್ಲ. ಅದನ್ನು ದಯವಿಟ್ಟು ನಂಬಬೇಕು.

ಕಳೆದ ಭಾನುವಾರ ಅವ್ವ ದೇವರ ಜಗುಲಿಯನ್ನು ಒರೆಸುತ್ತಿದ್ದಳು. ಮೈಲಾರಲಿಂಗನ ಪಟ, ಹಿತ್ತಾಳೆಯ ದೀಪ, ಭಂಡಾರದ ಚೀಲ ಎಲ್ಲವನ್ನೂ ಕೆಳಗಿಳಿಸಿದ್ದಳು. ಭಂಡಾರವೆಂದರೆ ನಮ್ಮಲ್ಲಿ ಅರಿಷಿಣದ ಪುಡಿ. ಹಡಗಲಿ ತಾಲ್ಲೂಕಿನ ಮೈಲಾರದಿಂದ ತಂದ ಪ್ರಸಾದ. ಇವುಗಳ ನಡುವಿನಿಂದ ಅವಳು ಅಂಗೈಯಗಲದ ಚಪ್ಪಟೆಯಾದ ಕರಿಯ ವಸ್ತುವೊಂದನ್ನು ಎತ್ತಿ, ಸೀರೆಯ ಸೆರಗಿನಿಂದ ಒರೆಸಿ ನನ್ನತ್ತ ಚಾಚಿದಳು.

“ಬೀರಾ, ಇದನ್ನ ಇನ್ನಾ ಇಡಬೇಕೇನು, ತಗದು ಒಗೀಲ್ಯಾ?”

ಅದೊಂದು ಫ್ಲಾಪಿ. ಇಂದಿನ ಮಕ್ಕಳಿಗೆ ಅದರ ಪರಿಚಯವಿರಲಾರದು. ಚೌಕಾಕಾರದ ಪ್ಲಾಸ್ಟಿಕ್ಕಿನ ಹೊದಿಕೆ, ಒಳಗೆ ಹಪ್ಪಳಕ್ಕಿಂತ ತೆಳ್ಳಗಿನ ಒಂದು ದುಂಡನೆಯ ಹಾಳೆ, ಅಂಚಿನಲ್ಲಿ ಸರಿದು ತೆರೆದುಕೊಳ್ಳುವ ಪುಟ್ಟದೊಂದು ತಗಡಿನ ಬಾಗಿಲು. ಒಂದು ಕಂಪ್ಯೂಟರಿನಲ್ಲಿ ಬರೆದದ್ದನ್ನು ಇನ್ನೊಂದಕ್ಕೆ ಸಾಗಿಸಬೇಕಾದರೆ ಇದರೊಳಗೆ ತುಂಬಿ, ಕೈಯಲ್ಲಿ ಹಿಡಿದು, ಬಸ್ಸು ಹತ್ತಬೇಕಿತ್ತು. ಈಗ ಒಂದು ಮದುವೆಯ ವಿಡಿಯೋ ಪೂರ್ತಿ ಕಣ್ಣು ಮಿಟುಕಿಸುವುದರೊಳಗೆ ಕೂಡ್ಲಿಗಿಯಿಂದ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಆಗ ಒಂದು ಪುಸ್ತಕ ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗಲು ಐದು ದಿನ ತೆಗೆದುಕೊಂಡಿತು. ನಡೆದುಕೊಂಡು ಹೋಗಿದ್ದರೆ ಒಂದೇ ದಿನ ಸಾಕಾಗುತ್ತಿತ್ತು.

“ಒಗೀಬ್ಯಾಡವ್ವ, ಇರಲಿ” ಎಂದೆ.

“ಇರಲಿ ಬಿಡು” ಎಂದವಳು ಅದರ ಮೇಲೆ ಒಂದು ಚಿಟಿಕೆ ಭಂಡಾರ ಹಚ್ಚಿ ಪುನಃ ಜಗುಲಿಯ ಮೇಲಿಟ್ಟಳು. ಇಪ್ಪತ್ತು ವರ್ಷಗಳ ಹಿಂದೆ ಇದೇ ಕೈ, ಇದೇ ಭಂಡಾರ.

ಕೊಟ್ಟೂರಿನ ಕಾಲೇಜಿನಲ್ಲಿ ಬಿ.ಎ. ಮುಗಿಸಿದಾಗ ಅಪ್ಪ ನನ್ನ ಪದವಿ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದ್ದ. ಭಾನುವಾರಗಳಂದು ಅದಕ್ಕೂ ಊದುಬತ್ತಿ ಬೆಳಗಲಾಗುತ್ತಿತ್ತು. ಎರಡು ವರ್ಷಗಳ ಕಾಲ ಊದುಬತ್ತಿಯ ಹೊಗೆಯನ್ನು ಸೇವಿಸಿದ್ದನ್ನು ಬಿಟ್ಟರೆ ಆ ಪ್ರಮಾಣಪತ್ರ ಬೇರೆ ಯಾವ ಕೆಲಸವನ್ನೂ ಮಾಡಲಿಲ್ಲ. ನಾನು ಅರ್ಜಿಗಳನ್ನು ಬರೆದೆ. ಒಂದೊಂದು ಅರ್ಜಿಯನ್ನೂ ಮೂರು ಸಲ ಕರಡು ಮಾಡಿ, ನಾಲ್ಕನೆಯ ಸಲ ಗೆರೆಯಿಲ್ಲದ ಹಾಳೆಯ ಮೇಲೆ ಗೆರೆ ಇದ್ದಂತೆ ಬರೆದೆ. ಅಕ್ಷರಗಳು ಮುತ್ತಿನಂತಿದ್ದವು, ಉತ್ತರಗಳು ಬರಲಿಲ್ಲ.

ಈ ಎರಡು ವರ್ಷಗಳ ಭಾರವನ್ನು ಹೊತ್ತದ್ದು ನಾನಲ್ಲ, ನನ್ನ ತಂಗಿ ಮೈಲವ್ವ. ಅಪ್ಪನಿಗೆ ಹೊಲದ ಕೆಲಸವಿತ್ತು, ನನಗೆ ಕಾಲೇಜಿನ ಕೊನೆಯ ಪರೀಕ್ಷೆಯಿತ್ತು, ಕುರಿಗಳ ಹಿಂದೆ ಯಾರಾದರೂ ಹೋಗಲೇಬೇಕಿತ್ತು. ಏಳನೆಯ ತರಗತಿ ಮುಗಿಸಿದ ಮೈಲವ್ವನ ಕೈಗೆ ಕೋಲು ಬಂತು. “ನಿಮ್ಮಣ್ಣಗ ಒಂದು ನೌಕ್ರಿ ಸಿಗ್ಲಿ, ಅರ್ಧ ಕುರಿ ಮಾರಿಬಿಡ್ತೀನಿ, ಉಳಿದದ್ದರ ಹಿಂದ ನಾನ ಹೋಗ್ತೀನಿ. ನೀನು ಸಾಲಿಗೆ ಹೋಗುವಂತಿ” ಎಂದು ಅಪ್ಪ ಮಾತು ಕೊಟ್ಟಿದ್ದ. ಅವಳು ತನ್ನ ಪಾಟೀಚೀಲವನ್ನು ಗೂಟಕ್ಕೆ ನೇತುಹಾಕಿ ಕಾಯುತ್ತಿದ್ದಳು. ಈರುಳ್ಳಿ ಬೀಜವಿಡಲು ಆ ಚೀಲ ಹೇಳಿಮಾಡಿಸಿದಂತಿದೆ ಎಂದು ಅವ್ವ ಎರಡು ಸಲ ಸೂಚಿಸಿದ್ದಳು. ಎರಡು ಸಲವೂ ಮೈಲವ್ವ ಊಟ ಬಿಟ್ಟಿದ್ದಳು.

ಪದವಿ ಮುಗಿದ ಮೇಲೆ ನಾನೇ ಏಕೆ ಕುರಿ ಕಾಯಲಿಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಾಯ್ದಿದ್ದೆ. ಒಂದು ವಾರ. ಎಂಟನೆಯ ದಿನ ಜಾಲಿಯ ನೆರಳಿನಲ್ಲಿ ಕುಳಿತು ಅರ್ಜಿಯೊಂದರ ಮೂರನೆಯ ಕರಡನ್ನು ತಿದ್ದುತ್ತಿರುವಾಗ ಹಿಂಡು ಪೂರ್ತಿ ಪಕ್ಕದವರ ಜೋಳದ ಹೊಲವನ್ನು ತನ್ನದಾಗಿಸಿಕೊಂಡಿತು. ಅಂದು ಅಪ್ಪ ನನ್ನನ್ನು ಕುರಿಗಳ ಸೇವೆಯಿಂದ ಗೌರವಪೂರ್ವಕವಾಗಿ ಬಿಡುಗಡೆ ಮಾಡಿದ.

ಪ್ರತಿದಿನ ಸಂಜೆ ಹಿಂಡನ್ನು ಹೊಡೆದುಕೊಂಡು ಬಂದ ಮೈಲವ್ವ ಅಂಗಳದಿಂದಲೇ ಕೇಳುತ್ತಿದ್ದಳು: “ಅಣ್ಣಾ, ಪೋಸ್ಟ್‌ನ್ಯಾಗ ಏನಾರ ಬಂತಾ?”

“ಇಲ್ಲವ್ವ.”

ಆಗ ಅವಳು ಮುಂದಿದ್ದ ಕುರಿಯ ಕಡೆಗೆ ತಿರುಗಿ, “ಕೇಳಿದೇನು? ಇವತ್ತೂ ಇಲ್ಲಂತ. ನಡಿ, ನಾಳಿಗೂ ನಾನ ಬರ್ತೀನಿ” ಎನ್ನುತ್ತಿದ್ದಳು. ಅವಳು ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅಷ್ಟರಲ್ಲಿ ನಾನು ಕೊಟ್ಟೂರಿನ ಒಂದು ಸಣ್ಣ ಕಂಪ್ಯೂಟರ್ ಸೆಂಟರಿನಲ್ಲಿ ಕನ್ನಡ ಟೈಪಿಂಗ್ ಕಲಿತಿದ್ದೆ. ಅದನ್ನು ನಡೆಸುತ್ತಿದ್ದವರು ಕೊಟ್ರೇಶ್ ಸರ್. ಕೊಟ್ಟೂರಿನ ಬೀದಿಯಲ್ಲಿ ನಿಂತು ‘ಕೊಟ್ರೇಶಾ’ ಎಂದು ಕೂಗಿದರೆ ಎಂಟು ಜನ ತಿರುಗಿ ನೋಡುವುದರಿಂದ ಹೆಸರಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಲ್ಲಿದ್ದ ಎರಡು ಕಂಪ್ಯೂಟರುಗಳಲ್ಲಿ ಒಂದು ಕೆಲಸ ಮಾಡುತ್ತಿತ್ತು, ಇನ್ನೊಂದು ಶೋಭೆಗಾಗಿ ಇತ್ತು. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದುಕೊಂಡು ಒಳಗೆ ಹೋಗಬೇಕಿತ್ತು. ಸರ್ ಕಂಪ್ಯೂಟರಿನ ಒಳಭಾಗಗಳನ್ನು ಕರಿಹಲಗೆಯ ಮೇಲೆ ಬಹಳ ಚೆಂದವಾಗಿ ಬಿಡಿಸುತ್ತಿದ್ದರು. ನಿಜವಾದ ಮುಚ್ಚಳವನ್ನು ಮಾತ್ರ ಅವರು ಎಂದೂ ತೆಗೆದವರಲ್ಲ. “ತಗದ್ರ ಮತ್ತ ಕುಂದ್ರಂಗಿಲ್ಲ” ಎಂಬುದು ಅವರ ದೃಢವಾದ ನಂಬಿಕೆ.

ಹರಪನಹಳ್ಳಿಯಲ್ಲಿ ಒಂದು ಮುದ್ರಣಾಲಯವಿತ್ತು. ಅದರ ಮಾಲೀಕರು ಹಾಲೇಶಪ್ಪನವರು. ಟೈಪ್ ಮಾಡುತ್ತಿದ್ದ ಹುಡುಗಿ ಮದುವೆಯಾಗಿ ಹೋಗಿದ್ದರಿಂದ ಅವರಿಗೊಬ್ಬರು ಬೇಕಾಗಿದ್ದರು. ನಾನು ಹೋಗಿ, ಕಂಠಪಾಠ ಮಾಡಿಕೊಂಡಿದ್ದ ಮಾತುಗಳನ್ನು ಒಪ್ಪಿಸಿದೆ: “ಮಾನ್ಯರೇ, ತಮ್ಮ ಮುದ್ರಣಾಲಯದಲ್ಲಿ ಸೇವೆ ಸಲ್ಲಿಸುವ ಅವಕಾಶವನ್ನು ಕೋರಿ ಬಂದಿರುತ್ತೇನೆ.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಏನಪ್ಪಾ, ನೀನು ಮಾತಾಡೋದು ರೇಡಿಯೋ ಹಚ್ಚಿದಂಗೈತೆ! ಇರ್ಲಿ. ಇದನ್ನ ತಗಂಡ್ಹೋಗು” ಎಂದು ಒಂದು ಕಟ್ಟು ಕೊಟ್ಟರು. ಹೊಳಲಿನ ನಿವೃತ್ತ ಮೇಷ್ಟ್ರೊಬ್ಬರ ಆತ್ಮಕಥೆ. ಕೈಬರಹದಲ್ಲಿ ಇನ್ನೂರು ಪುಟ. “ನಮ್ಮ ಮಷೀನಲ್ಲಿ ದಿನಾ ಲಗ್ನಪತ್ರಿಕೆ ಕೆಲ್ಸ ಇರ್ತತೆ, ಖಾಲಿ ಇಲ್ಲ. ನೀನು ಕಲ್ತಲ್ಲೇ ಟೈಪ್ ಮಾಡಿ ಫ್ಲಾಪಿನಲ್ಲಿ ತಗಂಬಾ. ಇಲ್ಲಿ ತೆಗೆದು ನೋಡ್ತೀನಿ. ಸರಿ ಇದ್ರೆ ಕೆಲ್ಸ ನಿಂದು.”

ಇಪ್ಪತ್ತು ದಿನ ಟೈಪ್ ಮಾಡಿದೆ. ಆ ಮೇಷ್ಟ್ರು ಬಾಲ್ಯದಲ್ಲಿ ಈಜಿದ ಬಾವಿಗಳನ್ನೆಲ್ಲ ಹೆಸರು ಹಿಡಿದು ವರ್ಣಿಸಿದ್ದರು. ಇಂದಿಗೂ ನಾನು ಆ ಬಾವಿಗಳಿಗೆ ದಾರಿ ತೋರಿಸಬಲ್ಲೆ. ಹಗರಿಬೊಮ್ಮನಹಳ್ಳಿಯಿಂದ ಹೊಸ ಫ್ಲಾಪಿ ತರಿಸಿ, ಅದಕ್ಕೆ ಪ್ರತಿ ಮಾಡಿ, ಸರಿಯಾಗಿ ತೆರೆಯುತ್ತದೆಯೇ ಎಂದು ಅಲ್ಲೇ ಪರೀಕ್ಷಿಸಿ, ಬುಧವಾರ ಸಂಜೆ ಮನೆಗೆ ತಂದೆ. ಅವ್ವ ಅದನ್ನು ಕೇಳಿ ಪಡೆದು ದೇವರ ಮುಂದಿಟ್ಟಳು.

ನಮ್ಮ ಮನೆಗೆ ಬಂದ ಹೊಸ ವಸ್ತು ಯಾವುದೇ ಇರಲಿ, ಭಂಡಾರ ಮುಟ್ಟದೆ ಬಳಕೆಗೆ ಬರುವುದಿಲ್ಲ. ಹೊಸ ಕಂಬಳಿ, ಹೊಸ ಸೈಕಲ್ಲು, ಚೊಚ್ಚಲ ಮರಿ, ನನ್ನ ಪರೀಕ್ಷೆಯ ಪ್ರವೇಶಪತ್ರ, ಎಲ್ಲಕ್ಕೂ ಹಳದಿ ಬೊಟ್ಟು ಬಿದ್ದಿತ್ತು. ಗುರುವಾರ ಬೆಳಿಗ್ಗೆ ಫ್ಲಾಪಿಯ ಮೇಲೂ ಬೊಟ್ಟು ಕಂಡಾಗ ನಾನು ಅವ್ವನಿಗೆ ಗೊತ್ತಾಗದಂತೆ ಕರವಸ್ತ್ರದಿಂದ ಒರೆಸಿದೆ. ವಿದ್ಯಾವಂತನಾದವನು ಇಷ್ಟು ಎಚ್ಚರಿಕೆ ವಹಿಸಬೇಕು ಎಂದು ಬೆನ್ನು ತಟ್ಟಿಕೊಂಡೆ.

ಹರಪನಹಳ್ಳಿಯಲ್ಲಿ ಹಾಲೇಶಪ್ಪನವರು ಫ್ಲಾಪಿಯನ್ನು ಯಂತ್ರದ ಬಾಯಿಗೆ ತೂರಿದರು. ಕರ್ರ್, ಕರ್ರ್, ಕಟಕಟ ಎಂಬ ಶಬ್ದ ಬಂತು.

“ಏನಪ್ಪಾ ಇದು, ಹಲ್ಲು ಕಡಿತೈತಲ್ಲ?”

ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸೂಚನೆ ಮೂಡಿತು. ಓದಲಾಗುತ್ತಿಲ್ಲ, ನಿಲ್ಲಿಸಲೇ, ಮತ್ತೆ ಪ್ರಯತ್ನಿಸಲೇ, ಬಿಟ್ಟುಬಿಡಲೇ ಎಂದು ಅದು ಕೇಳುತ್ತಿತ್ತು. ಎರಡು ವರ್ಷಗಳಿಂದ ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಒಂದು ಯಂತ್ರಕ್ಕೆ ಹೇಗೆ ತಿಳಿಯಿತೋ! ಹಾಲೇಶಪ್ಪನವರು ‘ಮತ್ತೆ ಪ್ರಯತ್ನಿಸು’ ಎಂಬುದನ್ನು ಹತ್ತೊಂಬತ್ತು ಸಲ ಒತ್ತಿದರು, ನಾನು ಎಣಿಸಿದ್ದೇನೆ. ಬಳಿಕ ತಮ್ಮದೇ ಲಗ್ನಪತ್ರಿಕೆಯ ಫ್ಲಾಪಿಯನ್ನು ಹಾಕಿದರು. ಅದಕ್ಕೂ ಕರ್ರ್ ಕರ್ರ್.

“ಬೆಳಗ್ಗೆ ಓದಿದ್ದು ಈಗ್ಯಾಕೆ ಓದ್ತಿಲ್ಲ?” ಅವರು ನನ್ನ ಫ್ಲಾಪಿಯನ್ನು ಹೊರಗೆಳೆದು ಬೆರಳು ನೋಡಿಕೊಂಡರು. ಬೆರಳ ತುದಿ ಹಳದಿಯಾಗಿತ್ತು. “ಇದೇನಪ್ಪಾ?”

“ಕ್ಷಮಿಸಬೇಕು ಸರ್. ಕೊಟ್ಟೂರು ರಸ್ತೆಯ ಧೂಳಾಗಿರಬಹುದು.”

“ಕೊಟ್ಟೂರು ರಸ್ತೆ ಧೂಳು ಕೆಂಪಗಿರ್ತತೆ. ಇದು ಹಳದಿ ಐತಲ್ಲ?”

“ಈ ವರ್ಷ ಸ್ವಲ್ಪ ಹಳದಿಯಾಗಿದೆ ಸರ್” ಎಂದೆ.

ಜೀವನದಲ್ಲಿ ನಾನು ಹೇಳಿದ ಸುಳ್ಳುಗಳ ಪೈಕಿ ಇಷ್ಟು ಕಳಪೆಯಾದದ್ದು ಇನ್ನೊಂದಿಲ್ಲ. ಅವರು ಬೆರಳನ್ನು ಮೂಸಿ ನೋಡಿದರು. “ಸೋಮವಾರದ ತನಕ ಕಾಯ್ತೀನಿ. ಆಮೇಲೆ ಬೇರೆಯೋರ್ನ ನೋಡ್ಕಂತೀನಿ” ಎಂದಷ್ಟೇ ಹೇಳಿ ಕಳುಹಿಸಿದರು.

ಕೊಟ್ಟೂರಿನಲ್ಲಿ ಇಳಿದವನೇ ಸೆಂಟರಿಗೆ ಓಡಿದೆ. ಕೊಟ್ರೇಶ್ ಸರ್ ಫ್ಲಾಪಿಯ ತಗಡಿನ ಬಾಗಿಲನ್ನು ಉಗುರಿನಿಂದ ಸರಿಸಿ ಒಳಗೆ ಇಣುಕಿದರು. ಇಣುಕಿ, ಒಂದು ಸಲ ಸೀನಿದರು.

“ಲೇ ಬೀರಪ್ಪ, ಇದೇನು ಫ್ಲಾಪಿನೋ, ಚಿತ್ರಾನ್ನದ ಪೊಟ್ಟಣನೋ?”

ಮನೆಗೆ ಹೋಗಿ ಅವ್ವನನ್ನು ವಿಚಾರಿಸಿದೆ. ಅವಳು ಸ್ವಲ್ಪವೂ ಅಳುಕದೆ ಹೇಳಿದಳು: “ಮ್ಯಾಲೆ ಹಚ್ಚಿದ್ರ ನೀನು ಒರಸಿಬಿಡ್ತಿ ಅಂತ ನಂಗೊತ್ತಿತ್ತು. ನಿನ್ನ ಹಾಲ್ ಟಿಕೀಟಿಗೂ ಹಂಗ ಮಾಡಿದ್ದಿ. ಅದಕ್ಕ ಅದರ ಬಾಗ್ಲ ಸರಿಸಿ ಒಳಗ ಒಂದು ಚಿಟಿಕಿ ಹಾಕೀನಿ.”

“ಯವ್ವಾ, ಒಳಗ ಹಾಕ್ತಾರೇನು?”

“ದೇವರು ಹೊರಗ ನಿಂತು ಏನು ಮಾಡ್ಯಾನು? ಕೆಲಸ ಒಳಗಿಂದಲ್ಲೇನು?”

ತರ್ಕಶಾಸ್ತ್ರವನ್ನು ಒಂದು ವಿಷಯವಾಗಿ ಅಭ್ಯಾಸ ಮಾಡಿದ್ದ ನಾನು ಹಳದಿಯಾದ ಕರವಸ್ತ್ರವನ್ನು ಒಗೆಯಲು ಹೋದೆ.

ಶುಕ್ರವಾರ ಬೆಳಿಗ್ಗೆ ಕೊಟ್ರೇಶ್ ಸರ್ ಎರಡು ಹೊಸ ಫ್ಲಾಪಿಗಳಿಗೆ ಪ್ರತಿ ಮಾಡಿಕೊಟ್ಟರು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಹರಪನಹಳ್ಳಿಯ ಯಂತ್ರದ ಬಾಯಿಯನ್ನು ಸ್ವಚ್ಛಗೊಳಿಸಲು ಕಡ್ಡಿಗೆ ಸುತ್ತಿದ ಹತ್ತಿಯನ್ನೂ ಒಂದು ಪುಟ್ಟ ಶೀಶೆಯಲ್ಲಿ ಸ್ಪಿರಿಟ್ಟನ್ನೂ ಕೊಟ್ಟರು. ಫ್ಲಾಪಿಯ ಹತ್ತಿರ ಅಯಸ್ಕಾಂತ ಸುಳಿಯಕೂಡದು, ಸ್ಪೀಕರಿನೊಳಗೂ ಅಯಸ್ಕಾಂತವಿರುತ್ತದೆ, ಬಿಸಿಲೂ ಆಗದು ಎಂದು ಎಚ್ಚರಿಸಿದರು. ಅವ್ವ ಕಟ್ಟಿಕೊಟ್ಟ ರೊಟ್ಟಿಯನ್ನು ಕೈಯಲ್ಲಿ ಹಿಡಿದು, ರೊಟ್ಟಿಯ ಡಬ್ಬಿಯಲ್ಲಿ ಫ್ಲಾಪಿಗಳನ್ನಿಟ್ಟುಕೊಂಡು ಬಸ್ಸು ಹತ್ತಿದೆ. ಚಾಲಕನ ತಲೆಯ ಮೇಲೊಂದು ಸ್ಪೀಕರ್ ಹಾಡುತ್ತಿತ್ತು. ನಾನು ಹಿಂದಕ್ಕೆ ಹೋದೆ. ಹಿಂದೆ ಒಬ್ಬ ಯಜಮಾನರ ತೊಡೆಯ ಮೇಲೆ ರೇಡಿಯೋ ಇತ್ತು, ನಡುವಿಗೆ ಬಂದೆ. ನಡುವಿನಲ್ಲಿ ಬಿಸಿಲಿತ್ತು. ಹರಪನಹಳ್ಳಿಯವರೆಗೂ ಡಬ್ಬಿಯನ್ನು ಎದೆಗವಚಿಕೊಂಡು ಬಸ್ಸಿನೊಳಗೇ ನಡೆದೆ.

ಮುದ್ರಣಾಲಯದಲ್ಲಿ ಅನುಮತಿ ಕೇಳಿ ಯಂತ್ರದ ಬಾಯಿಯನ್ನು ಒರೆಸಿದೆ. ಹತ್ತಿ ಹಳದಿಯಾಗಿ ಹೊರಬಂತು. ಹಾಲೇಶಪ್ಪನವರು ಹತ್ತಿಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಹತ್ತಿಯನ್ನು ನೋಡಿದರು. ಅವರ ಲಗ್ನಪತ್ರಿಕೆ ಈಗ ಥಟ್ಟನೆ ತೆರೆಯಿತು. ನನ್ನ ಫ್ಲಾಪಿ ತೆರೆಯಲಿಲ್ಲ. ಎರಡನೆಯದೂ ತೆರೆಯಲಿಲ್ಲ.

“ನಮ್ಮವು ಓದ್ತಾವೆ, ನಿನ್ನವು ಓದಲ್ಲ. ಅಲ್ಲಿ ಓದ್ತಾವೇನು?”

“ಅಲ್ಲಿ ನಿರಾತಂಕವಾಗಿ ಓದುತ್ತವೆ ಸರ್.”

“ಹಂಗಾದ್ರೆ ಒಂದ್ಕೆಲ್ಸ ಮಾಡು. ನಮ್ಮ ಮಷೀನಲ್ಲೇ ಹದ ಮಾಡಿದ ಫ್ಲಾಪಿ ಕೊಡ್ತೀನಿ. ಇದ್ರಲ್ಲಿ ತುಂಬ್ಕಂಬಾ.” ಒಂದು ಫ್ಲಾಪಿಯನ್ನು ತಮ್ಮ ಯಂತ್ರದಲ್ಲಿ ಹೊಸದಾಗಿ ಫಾರ್ಮ್ಯಾಟ್ ಮಾಡಿ ಕೊಟ್ಟರು.

ಶನಿವಾರ ಅದನ್ನು ಕೊಟ್ಟೂರಿನಲ್ಲಿ ತುಂಬಿಸಿ ಮತ್ತೆ ಹೊರಟೆ. ಕಂಡಕ್ಟರ್ ಟಿಕೆಟು ಹರಿಯುತ್ತಾ ಕೇಳಿದ: “ಏನ್ರೀ, ಮೂರು ದಿನ ಆತು, ದಿನಾ ಹರಪನಹಳ್ಳಿ! ಹೆಣ್ಣು ನೋಡಾಕೇನು?”

“ಹಾಗೇನಿಲ್ಲ, ಉದ್ಯೋಗ ನಿಮಿತ್ತ.”

“ಹುಡುಗಿ ಒಪ್ಪವಲ್ಲಳೇನು?”

ಫ್ಲಾಪಿ ಒಪ್ಪಲಿಲ್ಲ. ಕರ್ರ್ ಕರ್ರ್. ಹಾಲೇಶಪ್ಪನವರು ಈ ಸಲ ಎರಡೇ ಬಾರಿ ಪ್ರಯತ್ನಿಸಿ ಕೈಬಿಟ್ಟರು. ಹತ್ತೊಂಬತ್ತರಿಂದ ಎರಡಕ್ಕೆ ಇಳಿದದ್ದನ್ನು ಕಂಡು ನನಗೆ ಹೆಚ್ಚು ಭಯವಾಯಿತು.

ಭಾನುವಾರ ಮಧ್ಯಾಹ್ನ ನಾನು ಮೈಲವ್ವನನ್ನು ಹುಡುಕಿಕೊಂಡು ಕುರಿ ಮೇಯುತ್ತಿದ್ದ ಕಡೆಗೆ ಹೋದೆ. ಮರುದಿನ ಕೆಲಸ ಕೈತಪ್ಪಿದ ಸುದ್ದಿಯನ್ನು ಸಂಜೆ ಅಂಗಳದಲ್ಲಿ ಎಲ್ಲರೆದುರು ಹೇಳುವುದಕ್ಕಿಂತ ಇಂದೇ ಬಯಲಿನಲ್ಲಿ ಅವಳೊಬ್ಬಳಿಗೆ ಹೇಳುವುದು ಲೇಸೆನಿಸಿತ್ತು. ಅವಳು ಒಂದು ಕುರಿಯನ್ನು ಮೊಣಕಾಲುಗಳ ನಡುವೆ ಅದುಮಿ ಹಿಡಿದು, ತಾಯಿಯಿಲ್ಲದ ಮರಿಯೊಂದಕ್ಕೆ ಅದರ ಹಾಲು ಕುಡಿಸಲು ಹೆಣಗುತ್ತಿದ್ದಳು. ಕುರಿ ಮರಿಯನ್ನು ಮೂಸಿ ನೋಡುವುದು, ಹಾಯುವುದು, ಮೂಸುವುದು, ಹಾಯುವುದು.

“ಅದರ ಹಾಲನ್ನ ಮರಿ ಮೈಗೆಲ್ಲ ಸವರೀನಿ, ಆದ್ರೂ ಒಲ್ಲದು” ಎಂದಳು. “ನಿಂದೇನಾತು?”

ಎಲ್ಲವನ್ನೂ ಹೇಳಿದೆ. ಅವಳು ಕುರಿಯನ್ನು ಬಿಡದೆ ಕೇಳಿದಳು.

“ಕೊಟ್ಟೂರಾಗ ಓದ್ತತಿ?”

“ಓದ್ತತಿ.”

“ಯಾವಾಗ್ಲೂ?”

“ಯಾವಾಗ್ಲೂ.”

“ಹರಪನಹಳ್ಳಿಯಾಗ ಅವರವು ಓದ್ತಾವ, ನಿಂದು ಓದಂಗಿಲ್ಲ?”

“ಹೂಂ. ಅವರ ಮಷೀನಿನ್ಯಾಗ ಹದ ಮಾಡಿದ ಫ್ಲಾಪಿಗೆ ತುಂಬಿದ್ರೂ ಓದಲಿಲ್ಲ.”

ಮೈಲವ್ವ ಕುರಿಯನ್ನು ಬಿಟ್ಟಳು. ಅದು ಮರಿಯನ್ನು ಇನ್ನೊಮ್ಮೆ ಹಾಯ್ದು ಓಡಿತು. ಅವಳು ನನ್ನನ್ನು ನೋಡಿದ ರೀತಿಯಲ್ಲಿ, ಇಷ್ಟು ವರ್ಷ ಇವನನ್ನು ಓದಿಸಿದ್ದು ದಂಡವಾಯಿತಲ್ಲ ಎಂಬ ಭಾವ ಸ್ಪಷ್ಟವಾಗಿತ್ತು.

“ಲೇ ಅಣ್ಣಾ, ಅದು ಮರಿ ಐತಿ. ಕೊಟ್ಟೂರಿನ ಮಷೀನು ಅದರ ತಾಯಿ. ಹರಪನಹಳ್ಳಿದು ಬ್ಯಾರೆ ಕುರಿ, ಹಾಲು ಸವರಿದ್ರೂ ಹಾಯ್ತತಿ. ಮೂರು ದಿನದಿಂದ ಮರಿ ಹೊತಗೊಂಡು ಯಾಕ ಅಡ್ಡಾಡ್ತಿ? ತಾಯಿನ ಹೊಡಕೊಂಡು ಹೋಗು.”

ನಾನು ನಕ್ಕೆ. ಸ್ವಲ್ಪ ಹೊತ್ತಿನ ಬಳಿಕ ನಗು ನಿಂತಿತು. ಯಾವ ಯಂತ್ರ ಬರೆಯಿತೋ ಅದೇ ಯಂತ್ರ ಓದುತ್ತಿದೆ. ಎರಡು ಯಂತ್ರಗಳ ಓದುವ ಗೆರೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಒಂದರ ಬರಹ ಇನ್ನೊಂದಕ್ಕೆ ಕಾಣಿಸದು. ಇದನ್ನು ಕೊಟ್ರೇಶ್ ಸರ್ ಕರಿಹಲಗೆಯ ಮೇಲೆ ಬಿಡಿಸಿದ್ದರು, ನಾನು ಅಂದವಾಗಿ ಬರೆದುಕೊಂಡಿದ್ದೆ, ಕೆಳಗೆ ಗೆರೆ ಕೂಡ ಎಳೆದಿದ್ದೆ. ಅರ್ಥವಾದದ್ದು ಮಾತ್ರ ಆ ಕುರಿ ಹಾಯ್ದಾಗ.

ಸೋಮವಾರ ಬೆಳಿಗ್ಗೆ ಸೆಂಟರಿನ ಬಾಗಿಲಲ್ಲಿ ನಾವು ಮೂವರು ನಿಂತಿದ್ದೆವು: ನಾನು, ಅವ್ವ, ಮೈಲವ್ವ. ಅಪ್ಪ ಅಂದಿನ ಮಟ್ಟಿಗೆ ಹೊಲ ಬಿಟ್ಟು ಕುರಿಗಳ ಹಿಂದೆ ಹೋಗಿದ್ದ. ನಮ್ಮೊಂದಿಗೆ ಕರಿಯ ಎಂಬ ಟಗರೂ ಇತ್ತು. ಅದು ಮೈಲವ್ವ ಬಾಟಲಿ ಹಾಲು ಕುಡಿಸಿ ಸಾಕಿದ ಟಗರು. ಕೊರಳಲ್ಲಿ ಗೆಜ್ಜೆ, ಹಣೆಯಲ್ಲಿ ಭಂಡಾರ.

ನಮ್ಮ ಬೇಡಿಕೆಯನ್ನು ಕೇಳಿದ ಕೊಟ್ರೇಶ್ ಸರ್ ಕುರ್ಚಿಯಿಂದ ಎದ್ದರು. “ಏನಂದಿ? ಕಂಪ್ಯೂಟರ್ ಹೊತಗೊಂಡು ಹೋಗ್ತೀಯಾ? ಇರೋದು ಒಂದು! ವಾಪಸ್ ಬರ್ತತಿ ಅಂತ ಏನು ನೆಚ್ಚಿಗಿ?”

ಅವ್ವ ಮುಂದೆ ಬಂದಳು. “ಅದು ಬರೋತನಕ ನಮ್ಮ ಟಗರು ನಿಮ್ಮ ಹತ್ರ ಇರ್ತತಿ ತಗೋರಿ.”

“ಯವ್ವಾ, ನಾನು ಟಗರು ಇಟಗೊಂಡು ಏನು ಮಾಡ್ಲಿ? ಟೈಪಿಂಗ್ ಕಲಸ್ಲ್ಯಾ?”

“ಕಲಸ್ರಿ, ನಮ್ಮ ಬೀರಗ ಕಲಿಸಿಲ್ಲೇನು? ನಾನೂ ಇಲ್ಲೇ ಕುಂದರ್ತೀನಿ. ಮಗ ಬರ್ಲಿಲ್ಲಂದ್ರ ನಾನೂ ಟಗರೂ ನಿಮ್ಮ ಮನ್ಯಾಗ ಇದ್ದುಬಿಡ್ತೀವಿ.”

ಈ ಕೊನೆಯ ಮಾತೇ ಅವರನ್ನು ಅಲುಗಾಡಿಸಿತೆಂದು ನನ್ನ ಊಹೆ. ಅವರು ಟಗರನ್ನು ಮೇಲಿಂದ ಕೆಳಗೆ ನೋಡಿ, ನಿಯಮವನ್ನು ನೆನಪಿಸಿಕೊಂಡು, “ಕಾಲು ತೊಳಕೊಂಡು ಒಳಗ ಬರಬೇಕು” ಎಂದರು. ಅವ್ವ ಕರಿಯನ ನಾಲ್ಕೂ ಕಾಲುಗಳನ್ನು ತೊಳೆದು ಸೆರಗಿನಿಂದ ಒರೆಸಿದಳು. ಟಗರು ಶೋಭೆಯ ಕಂಪ್ಯೂಟರಿದ್ದ ಮೇಜಿನ ಕಾಲಿಗೆ ಕಟ್ಟಿಸಿಕೊಂಡು, ಬೆಳಗಿನ ತರಗತಿಗೆ ಹಾಜರಾಯಿತು.

ಕಂಪ್ಯೂಟರಿನ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತುವಾಗ ನಾನೊಂದು ಕೃತ್ಯವೆಸಗಿದೆ. ಅವ್ವನ ಸೊಂಟದ ಚೀಲದಿಂದ ಒಂದು ಚಿಟಿಕೆ ಭಂಡಾರ ತೆಗೆದು, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಪೆಟ್ಟಿಗೆಯ ಹಿಂಬದಿಯ ತಗಡಿಗೆ ಹಚ್ಚಿದೆ. ಫ್ಲಾಪಿಯ ಬಾಯಿಯಿಂದ ಸಾಧ್ಯವಾದಷ್ಟು ದೂರದಲ್ಲಿ. ವೈಜ್ಞಾನಿಕ ಮನೋಭಾವವನ್ನು ನಾನು ಕೈಬಿಡಲಿಲ್ಲ. ಅದರ ಬೆನ್ನಿಗೆ ಸ್ವಲ್ಪ ಆಸರೆ ಕೊಟ್ಟೆನಷ್ಟೆ.

ಬಸ್ಸಿನಲ್ಲಿ ಮೈಲವ್ವ ಆ ಕಂಬಳಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಅದೇ ಕಂಡಕ್ಟರ್ ಬಂದ.

“ಏನವ್ವ ಕಂಬಳ್ಯಾಗ? ಮರಿನಾ? ಮರಿಗೆ ಟಿಕೀಟು ಆಗ್ತತಿ ನೋಡು.”

“ಮರಿ ಅಲ್ರಿ, ಇದು ತಾಯಿ” ಎಂದಳು ಮೈಲವ್ವ. “ಮರಿ ನಮ್ಮಣ್ಣನ ಕಿಸೆದಾಗ ಐತಿ.”

ಕಂಡಕ್ಟರ್ ನನ್ನ ಕಿಸೆಯನ್ನು ನೋಡಿದ, ನನ್ನ ಮುಖವನ್ನು ನೋಡಿದ, ಇನ್ನೇನೂ ಕೇಳದೆ ಎರಡು ಟಿಕೆಟು ಹರಿದುಕೊಟ್ಟು ಮುಂದಕ್ಕೆ ಹೋದ.

ಮುದ್ರಣಾಲಯದಲ್ಲಿ ಕಂಬಳಿ ಬಿಚ್ಚಿದಾಗ ಹಾಲೇಶಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ತಾಯಿ-ಮರಿಯ ಸಿದ್ಧಾಂತವನ್ನು ಗ್ರಾಂಥಿಕ ಭಾಷೆಯಲ್ಲಿ ನಿವೇದಿಸಿದೆ. ಅವರು ಒಂದು ಸ್ಕ್ರೂಡ್ರೈವರ್ ತಂದರು. ನಾಲ್ಕು ತಿರುಪು ಬಿಚ್ಚಿ ಮುಚ್ಚಳ ತೆಗೆದರು; ನಾನು ತಿರುಪುಗಳನ್ನು ಎಣಿಸಿ ಅಂಗೈಯಲ್ಲಿ ಇಟ್ಟುಕೊಂಡೆ. ಇನ್ನೆರಡು ತಿರುಪು ಬಿಚ್ಚಿ, ಫ್ಲಾಪಿ ಓದುವ ಭಾಗವನ್ನು ಹೊರಗೆಳೆದರು. ಅದು ಎರಡು ಬೆಂಕಿಪೊಟ್ಟಣದಷ್ಟು ದಪ್ಪ, ಅಂಗೈಗಿಂತ ತುಸು ಉದ್ದ.

“ಇದೊಂದನ್ನ ತಂದಿದ್ರೆ ಸಾಕಾಗಿತ್ತಲ್ಲಪ್ಪ!”

ನಾನು ಮೈಲವ್ವನನ್ನು ನೋಡಿದೆ. ಅವಳು ನೋವಾಗಿದ್ದ ತೊಡೆಗಳನ್ನು ತಿಕ್ಕಿಕೊಳ್ಳುತ್ತಾ ಹೇಳಿದಳು: “ನನ್ನ ಯಾಕ ನೋಡ್ತಿ? ಕಲಿತಾಂವ ನೀನು. ಕೆಚ್ಚಲು ಅಷ್ಟ ಬಿಚ್ಚಿ ತರಬಹುದು ಅಂತ ನಂಗೇನು ಗೊತ್ತು?”

ಹಾಲೇಶಪ್ಪನವರು ಆ ಭಾಗವನ್ನು ತಮ್ಮ ಯಂತ್ರಕ್ಕೆ ಜೋಡಿಸಲು ಹೊರಟವರು ನಮ್ಮ ಪೆಟ್ಟಿಗೆಯನ್ನು ಪಕ್ಕಕ್ಕೆ ತಿರುಗಿಸಿದರು. ಹಿಂಬದಿ ಕಂಡಿತು. ಬೆರಳಿನಿಂದ ಮುಟ್ಟಿ ನೋಡಿದರು.

“ಕೊಟ್ಟೂರು ರಸ್ತೆ ಧೂಳು ಇಲ್ಲೂ ಬಂದೈತಲ್ಲಪ್ಪ?”

ನಾನು ತಲೆತಗ್ಗಿಸಿದೆ.

“ಮೈಲಾರದ್ದಲ್ವಾ?” ಎಂದರು ಅವರು. “ಗುರುವಾರಾನೇ ವಾಸನೆ ಹಿಡಿದು ಗೊತ್ತಾತು. ನಮ್ಮನೆ ದೇವ್ರೂ ಅದೇ. ಆದ್ರೆ ನಾವು ಮಷೀನಿಗೆ ಹೊರಗೆ ಹಚ್ತೀವಪ್ಪ.” ಬೆರಳಿಗಂಟಿದ ಹಳದಿಯನ್ನು ತಮ್ಮ ಹಣೆಗೆ ಒತ್ತಿಕೊಂಡು ಕೆಲಸಕ್ಕೆ ತೊಡಗಿದರು.

ಫ್ಲಾಪಿ ಒಳಗೆ ಹೋಯಿತು. ಕರ್ರ್ ಎನ್ನಲಿಲ್ಲ. ಮರಿ ಮೊಲೆಗೆ ಬಾಯಿ ಹಾಕಿದಾಗ ಬರುವಂಥ ಮೆಲ್ಲನೆಯ ಚಿಕ್‌ಚಿಕ್ ಶಬ್ದ ಬಂತು. ಪರದೆಯ ಮೇಲೆ ಅಕ್ಷರಗಳು ತುಂಬಿಕೊಂಡವು. ಮೈಲವ್ವ ಪರದೆಯ ಹತ್ತಿರ ಬಾಗಿ, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು: “ನಾ… ನು… ಹು… ಟ್ಟಿ… ದ್ದು… ಹೊ… ಳ… ಲಿ… ನ… ಲ್ಲಿ.” ಏಳನೆಯ ತರಗತಿಯಲ್ಲಿ ಅವಳು ಪಾಠವನ್ನು ನೀರು ಕುಡಿದಂತೆ ಓದುತ್ತಿದ್ದವಳು. ಎರಡು ವರ್ಷಗಳಲ್ಲಿ ಓದುವ ಗೆರೆ ತಪ್ಪಿಹೋಗಿತ್ತು.

ಹಾಲೇಶಪ್ಪನವರು ಕೇಳಿದರು: “ಏನವ್ವ, ನೀನು ಎಷ್ಟನೇ ಕ್ಲಾಸು?”

ನಾನು ಏನಾದರೂ ಹೇಳುವ ಮೊದಲೇ ಅವಳು ಪರದೆಯಿಂದ ಕಣ್ಣು ತೆಗೆಯದೆ ಉತ್ತರಿಸಿದಳು: “ಎಂಟನೇತ್ತ ರೀ. ಜೂನಿಗೆ ಹೋಗ್ತೀನಿ.”

ಅವರು ನನ್ನನ್ನು ನೋಡಿದರು. ಏನು ಅರ್ಥವಾಯಿತೋ ಅವರಿಗೆ, ನಾನು ಈವರೆಗೆ ಕೇಳಿಲ್ಲ. ನನ್ನ ಇನ್ನೂರು ಪುಟಗಳಲ್ಲಿ ಎರಡನೆಯದನ್ನೂ ನೋಡದೆ, “ಹಂಗಾದ್ರೆ ನೀನು ನಾಳೆಯಿಂದ್ಲೇ ಬಾರಪ್ಪ” ಎಂದರು.

ಸಂಜೆ ಕೊಟ್ಟೂರಿಗೆ ತಾಯಿಯನ್ನು ಕ್ಷೇಮವಾಗಿ ಮುಟ್ಟಿಸಿದೆವು. ಕರಿಯ ಅಷ್ಟರಲ್ಲಿ ಗೋಡೆಗೆ ಹಚ್ಚಿದ್ದ ಕೀಬೋರ್ಡಿನ ಚಿತ್ರಪಟದ ಕೆಳಗಿನ ಸಾಲನ್ನು ಪೂರ್ತಿಯಾಗಿ ತಿಂದು ಮುಗಿಸಿತ್ತು. ಕೊಟ್ರೇಶ್ ಸರ್ ಸಿಟ್ಟಾಗಿರಲಿಲ್ಲ. “ಉಳಿದೋರು ಮೂರು ತಿಂಗಳಾದ್ರೂ ಒಂದು ಸಾಲು ಕಲಿಯಂಗಿಲ್ಲ. ಇದು ಒಂದ ದಿನಕ್ಕ ನುಂಗೈತಿ” ಎಂದು ಅದರ ಬೆನ್ನು ಸವರಿ ಬೀಳ್ಕೊಟ್ಟರು.

ಇನ್ನು ಹೇಳಬೇಕಾದದ್ದು ಹೆಚ್ಚಿಲ್ಲ. ಅಪ್ಪ ಮಾತಿನಂತೆ ಅರ್ಧ ಕುರಿಗಳನ್ನು ಮಾರಿ, ಉಳಿದವುಗಳ ಹಿಂದೆ ತಾನೇ ಹೋದ; ಕರಿಯನನ್ನು ಮಾರಲಿಲ್ಲ. ಜೂನ್ ತಿಂಗಳಲ್ಲಿ ಮೈಲವ್ವ ಪಾಟೀಚೀಲವನ್ನು ಗೂಟದಿಂದ ತೆಗೆದುಕೊಂಡು ಎಂಟನೆಯ ತರಗತಿಗೆ ಸೇರಿದಳು. ಖಾಲಿಯಾದ ಗೂಟಕ್ಕೆ ಅಪ್ಪ ಕುರಿಯ ಕೋಲನ್ನು ನೇತುಹಾಕಿದ. ಅದೇ ಮಳೆಗಾಲದಲ್ಲಿ ಅವಳು ಅವ್ವನಿಗೂ ಸಹಿ ಮಾಡುವುದನ್ನು ಕಲಿಸಿದಳು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಯಾವ ಕಾಗದ ಬಂದರೂ ಓದಲು ನನ್ನ ದಾರಿ ಕಾಯುತ್ತಿದ್ದರು. ಅಲ್ಲಿಂದಾಚೆಗೆ ಮೈಲವ್ವನೇ ಓದುತ್ತಿದ್ದಳು; ಕಾಯುವುದನ್ನು ಬಿಟ್ಟರು.